ಹಿರಿಯೂರಿಗೆ ಬಂದ ಇಟಲಿ ಬಸವಣ್ಣ

ಹಿರಿಯೂರಿನಲ್ಲಿ ಜಂಬಣ್ಣನಿಗೆ "ಕುಂತ್ಕ" ಎಂದು ಹೇಳುವವರು ಯಾರೂ ಇರಲಿಲ್ಲ. ಹಾಗೆಂದು ಊರಿನವರು ಕೆಟ್ಟವರೆಂದು ತಿಳಿಯಬಾರದು. ಬಂದವರಿಗೆಲ್ಲ ಚಾಪೆ ಹಾಸಿ, ನೀರು ಬೆಲ್ಲ ಕೊಟ್ಟು, ಮನೆಮಂದಿಯ ಕ್ಷೇಮ ಕೇಳಿ, ಆಮೇಲೆ ಜಗಳ ತೆಗೆಯುವ ಸಂಪನ್ನರು ಅವರು. ಆದರೆ ಜಂಬಣ್ಣ ಬಂದವನಲ್ಲ, ಇದ್ದವನು. ಹೊಸದುರ್ಗದ ಕಡೆಯಿಂದ ಬಂದು ವೀರಮ್ಮನ ಕೈಹಿಡಿದು, ಅವಳ ಅಣ್ಣ ಮುರುಗೇಶಪ್ಪನ ತೆಂಗಿನಕಾಯಿ ಮಂಡಿಯಲ್ಲೇ ಉಳಿದುಬಿಟ್ಟ ಮನೆ ಅಳಿಯ. ಮನೆ ಅಳಿಯನಿಗೆ ಯಾರಾದರೂ ಉಪಚಾರ ಮಾಡುತ್ತಾರೆಯೇ? ಹಾಗಾದರೆ ಮನೆಯ ಕಂಬಕ್ಕೂ ಮಾಡಬೇಕಾಗುತ್ತದೆ.

ಕಂಬಕ್ಕೂ ಅವನಿಗೂ ಒಳ್ಳೆಯ ಸ್ನೇಹವಿತ್ತು. ಮಂಡಿಯಲ್ಲಿ ಮುರುಗೇಶಪ್ಪ ಗಾದಿಯ ಮೇಲೆ ಕೂರುತ್ತಿದ್ದ. ಅವನ ಪಕ್ಕದಲ್ಲಿ ಹೊಳಲ್ಕೆರೆಯ ವ್ಯಾಪಾರಿಗಳು, ದುರ್ಗದ ಸಾಹುಕಾರರು. ಜಂಬಣ್ಣ ಮಾತ್ರ ಕಂಬಕ್ಕೆ ಒರಗಿ ನಿಂತಿರುತ್ತಿದ್ದ. ಅವನು ಒರಗುವ ಜಾಗ ಎಣ್ಣೆ ಹಚ್ಚಿದಂತೆ ನುಣ್ಣಗಾಗಿತ್ತು. ನಿಂತಲ್ಲೇ ಕನಸು ಕಾಣುವ ವಿದ್ಯೆಯನ್ನು ಶಿವ ಕುದುರೆಗೆ ಕೊಟ್ಟ ಮೇಲೆ ಮಿಕ್ಕದ್ದನ್ನು ಅವನಿಗೇ ಕೊಟ್ಟಿದ್ದ. ಹೊರಗೆ ಗಾಡಿಗಳಿಂದ ಕಾಯಿ ಸುರಿಯುತ್ತಿದ್ದರೆ ಅವನ ಕಣ್ಣು ಜೋಗಿಮಟ್ಟಿ ಬೆಟ್ಟದ ಕಡೆಯ ಮೋಡದಲ್ಲಿರುತ್ತಿತ್ತು. ಆ ಮೋಡ ಮೆಲ್ಲಗೆ ಇಳಿದು ಬಂದು ಬಿಳಿಯ ಗಾದಿಯಾಗಿ ಹರಡಿಕೊಳ್ಳುವುದು. ಭಾವ ಒಂದು ಚೂರು ಸರಿದು, ಪಕ್ಕದ ಜಾಗವನ್ನು ತಟ್ಟಿ, "ಕುಂತ್ಕ ಜಂಬಣ್ಣ" ಅನ್ನುವುದು. ಅಷ್ಟರಲ್ಲಿ ನಿಜವಾದ ಭಾವ, "ಲೇ ಜಂಬಣ್ಣ, ಕಾಯಿ ಎಣಿಸಲೇ!" ಎಂದು ಕೂಗುವುದು. ದಿನಾ ಇದೇ ಕನಸು, ದಿನಾ ಅದೇ ಜಾಗದಲ್ಲಿ ಅದು ಮುರಿಯುವುದು.

ಮಾರಿಕಣಿವೆಗೆ ಅಡ್ಡಗಟ್ಟೆ ಏಳುತ್ತಿದ್ದ ಕಾಲ ಅದು. ನಮ್ಮ ಸೀಮೆಯ ಬಂಡೆಗಳಲ್ಲಿ ಚಿನ್ನವಿದೆ ಎಂದು ಯಾರೋ ಹೇಳಿ, ಅದನ್ನು ಹುಡುಕಲು ಒಬ್ಬ ಕೆಂಪು ಮುಖದ ಪೇತ್ರು ದೊರೆ ಬಂದು ಊರ ಹೊರಗಿನ ಬಂಗಲೆಯಲ್ಲಿ ಇಳಿದಿದ್ದ. ಅವನು ಇಟಲಿಯವನೆಂಬುದು ಊರಿಗೆ ಆಮೇಲೆ ತಿಳಿಯಿತು. ಕೆಂಪಗಿದ್ದವರೆಲ್ಲ ಆಗ ದೊರೆಗಳೇ, ಯಾವ ದೇಶ ಎಂದು ಕೇಳುವ ಪದ್ಧತಿ ಇರಲಿಲ್ಲ.

ಒಂದು ದಿನ ಮುರುಗೇಶಪ್ಪ ಎಳನೀರಿನ ಗಾಡಿ ಹೂಡಿಸಿ ಜಂಬಣ್ಣನನ್ನು ಕಣಿವೆಯ ಕೆಲಸದ ಕಡೆಗೆ ಕಳಿಸಿದ. ಗಾಡಿಯ ಮೇಲೆ ಜಂಬಣ್ಣನಿಗೆ ಕನಸು ಹತ್ತಿತು. ಎತ್ತುಗಳು ತಮಗೆ ತಿಳಿದ ದಾರಿ ಬಿಟ್ಟು ತಮಗೆ ಬೇಕಾದ ದಾರಿ ಹಿಡಿದವು. ಕಣ್ಣು ಬಿಟ್ಟರೆ ಕಲ್ಲುಗುಡ್ಡ, ಜಾಲಿಮರ, ಮರದ ಅರೆಬರೆ ನೆರಳಿನಲ್ಲಿ ಬಿಸಿಲು ಹೊಡೆದು ಬಿದ್ದಿದ್ದ ಪೇತ್ರು ದೊರೆ! ಜಂಬಣ್ಣ ಹೆದರಿ ಕೂಗಿದ, ಕೂಗಿ ಪ್ರಯೋಜನವಿಲ್ಲವೆಂದು ಮಚ್ಚು ತೆಗೆದ. ಎಳನೀರು ಕೆತ್ತಿ ಬಾಯಿಗೆ ಬಿಟ್ಟ, ಇನ್ನೊಂದು ಕೆತ್ತಿ ತಲೆಗೆ ಸುರಿದ. ದೊರೆ ಕಣ್ಣು ಬಿಟ್ಟು, ತನ್ನ ಭಾಷೆಯಲ್ಲಿ ಏನೋ ಹೇಳಿ, ಅವನ ಎರಡೂ ಕೆನ್ನೆಗೆ ಮುತ್ತಿಟ್ಟ. ಈ ಕೊನೆಯ ಸಂಗತಿಯನ್ನು ಜಂಬಣ್ಣ ಸಾಯುವ ತನಕ ಯಾರಿಗೂ ಹೇಳಲಿಲ್ಲ.

ಚಿನ್ನ ಸಿಗಲಿಲ್ಲ. ದೊರೆ ಊರು ಬಿಡುವ ದಿನ ಜಂಬಣ್ಣನನ್ನು ಬಂಗಲೆಗೆ ಕರೆಸಿ, ಅವನ ಕೈಗೆ ಒಂದು ಸೀಸೆ ಇಟ್ಟ. ಬಂಗಲೆಯ ಬಟ್ಲರ್ ಗೋವಿಂದಪ್ಪ, ಬೆಂಗಳೂರಿನ ದಂಡಿನಲ್ಲಿ ಇಂಗ್ಲಿಷು ಕಲಿತವನು, ದುಬಾಷಿಯ ಕೆಲಸ ಮಾಡಿದ. ಆ ಸೀಸೆ ತನಗೇ ಉಳಿಯುತ್ತದೆಂದು ನಂಬಿದ್ದವನಾದ್ದರಿಂದ ಅವನಿಗೆ ಮಾತು ಹೆಚ್ಚು ಹೊರಡಲಿಲ್ಲ.

"ದ್ರಾಕ್ಷಿ ರಸ ಐತೆ. ಅವರ ಇಟಲಿ ದೇಶದ ದೊಡ್ಡ ಮನೆತನದೋರು ಮಾಡಿದ್ದಂತೆ. ಅಜ್ಜ ಮುತ್ತಜ್ಜರ ಕಾಲದಿಂದ್ಲೂ ಅದೇ ಕಸುಬು. ತಗಂಡು ಹೋಗ್ರಿ," ಎಂದು ಹೇಳಿ ಗೋಡೆಯ ಕಡೆ ಮುಖ ತಿರುಗಿಸಿಕೊಂಡ.

ಸೀಸೆಯ ಹೊಟ್ಟೆಗೆ ಹುಲ್ಲು ಹೆಣೆದು ಸುತ್ತಿತ್ತು. ನಾರಿನೊಳಗಿನ ತೆಂಗಿನಕಾಯಿಯಂತೆ ಅದು ಕುಳಿತಿದ್ದ ಚೆಂದ ನೋಡಿ ಜಂಬಣ್ಣನಿಗೆ ಆ ಮನೆತನದ ಮೇಲೆ ಅಲ್ಲೇ ಗೌರವ ಹುಟ್ಟಿತು. ದಾರಿಯಲ್ಲಿ ವೇದಾವತಿಯ ದಡದಲ್ಲಿ ನಿಂತು ಅದನ್ನು ಸಂಜೆ ಬಿಸಿಲಿಗೆ ಹಿಡಿದ. ಸೀಸೆಯ ಕೊರಳಿನಿಂದ ಒಂದು ಕೆಂಪು ಬೆಳಕು ಇಳಿದು ಅವನ ಅಂಗೈ ಮೇಲೆ ಕೂತಿತು. ಅದನ್ನು ಚೆಲ್ಲದಂತೆ ಹಿಡಿದುಕೊಂಡು ಅವನು ಸುಮಾರು ದೂರ ನಡೆದ.

"ಬಂದ್ರಾ? ಕೈಕಾಲು ತೊಳ್ಕಂಡು ಬರ್ರಿ, ಕುಂತ್ಕಳ್ರಿ, ಮುದ್ದೆ ಆರ್ತೈತೆ," ಎಂದಳು ಒಲೆಯ ಮುಂದಿನಿಂದ ವೀರಮ್ಮ.

"ಮುದ್ದೆ ಮನೆ ಹಾಳಾಗ್ಲಿ, ಇಲ್ ನೋಡೇ!"

ದೀಪ ತಂದು ನೋಡಿದರು. ಹುಲ್ಲಿನ ಮೇಲೆ ಒಂದು ಕಾಗದ ಅಂಟಿಸಿತ್ತು. ಅಕ್ಷರ ಯಾರಿಗೆ ಬೇಕು? ಚಿತ್ರವೇ ಸಾಕಾಗಿತ್ತು. ಮೇಲೆ ಒಂದು ಗುರಾಣಿ. ಗುರಾಣಿಯ ಮೇಲೆ ಮೂರು ಬಿಳಿಯ ಅಡ್ಡಪಟ್ಟೆ. ಅದರ ಕೆಳಗೆ ಕಾಲು ಮಡಿಸಿ ಮಲಗಿದ ಒಂದು ಗೂಳಿ, ಕೊರಳಲ್ಲಿ ಗಂಟೆಯಂತೆ ಕಟ್ಟಿದ ದ್ರಾಕ್ಷಿ ಗೊಂಚಲು.

ವೀರಮ್ಮ ಸೆರಗು ಸರಿಮಾಡಿಕೊಂಡು ಕೈಮುಗಿದಳು. ಜಂಬಣ್ಣನಿಗೆ ಮೈ ಜುಮ್ಮೆಂದಿತು. ಮೂರು ಬೆರಳಿನ ವಿಭೂತಿ. ಅದರ ಕೆಳಗೆ ಸಾಕ್ಷಾತ್ ಬಸವಣ್ಣ. ನಮ್ಮ ಕಡೆ ವಿಭೂತಿಯನ್ನೂ ಬಸವಣ್ಣನನ್ನೂ ಒಟ್ಟಿಗೆ ನೋಡಿದ ಮೇಲೆ ಮನೆಯವರ ಮತ ಕೇಳುವುದುಂಟೇ?

"ಅಣ್ಣಯ್ಯಾ!" ಎಂದು ವೀರಮ್ಮ ಕೂಗಿದಳು. ಮುರುಗೇಶಪ್ಪ ಬಂದ. ನೋಡಿದ. ಸೀಸೆಯನ್ನು ತಿರುಗಿಸಿ ಮತ್ತೆ ನೋಡಿದ. ಅದನ್ನು ಕಣ್ಣಿಗೊತ್ತಿಕೊಂಡ.

"ಇಟಲಿ ದೇಶದಾಗೂ ನಮ್ಮೋರು ಅವ್ರೆ!"

ಮರುದಿನ ಬೆಳಿಗ್ಗೆ ಮಂಡಿಯಲ್ಲಿ ಜಂಬಣ್ಣ ಎಂದಿನಂತೆ ಕಂಬದ ಕಡೆ ನಡೆದ. ಮುರುಗೇಶಪ್ಪ ಗಾದಿಯ ಮೇಲೆ ಒಂದು ಚೂರು ಸರಿದ. ಪಕ್ಕದ ಜಾಗವನ್ನು ತಟ್ಟಿದ.

"ಕುಂತ್ಕ ಜಂಬಣ್ಣ."

ಕನಸು ಮುರಿಯಲೆಂದು ಜಂಬಣ್ಣ ಕಾದ. ಮುರಿಯಲಿಲ್ಲ. ಕೂತ. ಗಾದಿಯ ಹತ್ತಿ ಅಲ್ಲಲ್ಲಿ ಗಂಟುಕಟ್ಟಿ ಒತ್ತುತ್ತಿತ್ತು. ಮೋಡದ ಗಾದಿಯಲ್ಲಿ ಇಂಥ ಗಂಟುಗಳಿರಲಿಲ್ಲ. ಕೂತ ಮೇಲೆ ಅವನಿಗೆ ಕನಸೂ ಬರಲಿಲ್ಲ, ಬರೀ ನಿದ್ದೆ ಬಂತು. ಆದರೂ ಅಂಥ ಸುಖ ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಸೀಸೆಯನ್ನು ಪಡಸಾಲೆಯ ಗೂಡಿನಲ್ಲಿ ಇಟ್ಟರು. ಊರು ನೋಡಲು ಬಂತು. ಹೂ ತಂದರು, ಊದುಬತ್ತಿ ತಂದರು, ಮಕ್ಕಳನ್ನು ಎತ್ತಿ ತೋರಿಸಿದರು. ನಮ್ಮವರು ಇಟಲಿಗೆ ಹೋದದ್ದು ಹೇಗೆ ಎಂಬ ಪ್ರಶ್ನೆ ಎದ್ದಾಗ, ತೆಂಗಿನಕಾಯಿ ಮಾರುತ್ತಾ ಮಾರುತ್ತಾ ಒಂದೊಂದೇ ಸಂತೆ ದಾಟಿ ಹೋಗಿರಬೇಕು, ವಾಪಸು ಬರುವ ಹೊತ್ತಿಗೆ ದಾರಿ ಮರೆತಿರಬೇಕು ಎಂದು ಮುರುಗೇಶಪ್ಪ ತೀರ್ಮಾನ ಕೊಟ್ಟ. ವ್ಯಾಪಾರದ ಮಾತಿಗೆ ಎದುರಾಡುವವರು ಯಾರೂ ಇರಲಿಲ್ಲ.

ಎದುರುಮನೆಯ ದುರುಗಕ್ಕ ಜಂಬಣ್ಣನನ್ನು ಮೂಲೆಗೆ ಕರೆದಳು. "ಅಪ್ಪಾ ಜಂಬಣ್ಣ, ಆ ಮನ್ಯಾಗೆ ಮದುವಿಗೆ ಬಂದ ಗಂಡು ಐತೇನೋ ಕೇಳು. ನಮ್ಮ ಮೊಮ್ಮಗಳು ಎತ್ತರ ಅಂತ ಇಲ್ಲಿ ಯಾರೂ ಒಪ್ಪವಲ್ರು. ಆ ದೇಶದಾಗೆ ಎಲ್ಲಾ ಎತ್ತರ ಇರ್ತಾರಂತಲ್ಲ."

"ನೋಡಾಣ ದುರುಗಕ್ಕ. ದೊಡ್ಡ ಮನೆತನ. ಅವಸರ ಮಾಡಬಾರ್ದು," ಎಂದ ಜಂಬಣ್ಣ, ಆ ಮನೆಯವರು ದಿನಾ ತನ್ನನ್ನು ಕೇಳಿಯೇ ನೀರು ಕುಡಿಯುತ್ತಾರೆಂಬಂತೆ.

ಅಬ್ಕಾರಿ ಜಮಾದಾರ ದೊಡ್ಡಪ್ಪನೂ ಬಂದ. ಬಾಗಿಲಲ್ಲೇ ನಿಂತು ಮೀಸೆ ತಿರುವಿ, "ಸೀಸೆ ಒಳಗೆ ಏನೈತೆ ಅಂತ ಸರ್ಕಾರಕ್ಕೆ ಗೊತ್ತಾಗ್ಬೇಕು," ಎಂದು ಗುಡುಗಿದ. ಜಂಬಣ್ಣ ದೀಪ ಹಿಡಿದು ಚಿತ್ರ ತೋರಿಸಿದ. ಜಮಾದಾರ ನಿಂತಲ್ಲೇ ಬೂಟು ಬಿಚ್ಚಿದ.

"ಬಸವಣ್ಣಗೆ ಸುಂಕ ಹಾಕಾಕೆ ನಾನೇನು ಹುಚ್ಚನಾ? ಒಂದೀಟು ವಿಭೂತಿ ಕೊಡ್ರಿ."

ದಿನಾ ಸಂಜೆ ಕಿಟಕಿಯ ಬಿಸಿಲು ಗೂಡಿಗೆ ಬಿದ್ದಾಗ ಸೀಸೆಯ ಕೊರಳಿನ ಕೆಂಪು ಎದುರಿನ ಗೋಡೆಯ ಮೇಲೆ ಒಂದು ಚಿಕ್ಕ ಹೂವಾಗಿ ಅರಳುತ್ತಿತ್ತು. ಜಂಬಣ್ಣ ಅದನ್ನೇ ನೋಡುತ್ತಾ ಕೂರುತ್ತಿದ್ದ. ಗೋಡೆ ತೆಳ್ಳಗಾಗಿ ಅದರಾಚೆ ಇಟಲಿ ಕಾಣುತ್ತಿತ್ತು. ಹೆಚ್ಚುಕಡಿಮೆ ಚಂದ್ರವಳ್ಳಿಯ ಹಾಗೇ ಇತ್ತು ಅದು, ಕಲ್ಲಿನ ಬದಲು ಎಲ್ಲಾ ಕಡೆ ದ್ರಾಕ್ಷಿಯ ಚಪ್ಪರ. ಚಪ್ಪರದ ಕೆಳಗೆ ಹಣೆತುಂಬ ವಿಭೂತಿ ಧರಿಸಿದ, ಹಾಲಿನಂತೆ ಬೆಳ್ಳಗಿದ್ದ ಅಜ್ಜಿಯೊಬ್ಬಳು ಬುಟ್ಟಿ ಹಿಡಿದು ಬರುವಳು. "ಬಂದ್ಯೇನಪ್ಪಾ ಜಂಬಣ್ಣ? ಹಿರಿಯೂರಾಗೆ ಮಳೆ ಹೆಂಗೈತೆ?" ಅನ್ನುವಳು. ಅವನು ಮಳೆಯ ವಿಷಯ ಹೇಳುವನು. ಅವಳು ಒಂದು ಗೊಂಚಲು ಕೊಡುವಳು. ಗೋಡೆಯ ಹೂವು ಬಾಡುವ ತನಕ ಅವನು ಅಲ್ಲೇ ಇರುತ್ತಿದ್ದ.

ಇಷ್ಟಕ್ಕೇ ನಿಂತಿದ್ದರೆ ಎಲ್ಲರೂ ಸುಖವಾಗಿರುತ್ತಿದ್ದರು. ಆದರೆ ಊರ ಹೊರಗಿನ ಚಿಕ್ಕ ಮಠದ ಅಯ್ಯನವರನ್ನು ಮುರುಗೇಶಪ್ಪ ಬಿನ್ನಹಕ್ಕೆ ಕರೆದ. ಮನೆಗೆ ಗುರುವನ್ನು ಬರಮಾಡಿಕೊಂಡು, ಪೂಜೆ ಮಾಡಿ, ಊಟ ಹಾಕುವ ಆ ದಿನ ಬಂಧುಬಳಗವೆಲ್ಲ ಸೇರುವುದು ವಾಡಿಕೆ. ಎಲ್ಲರೆದುರು ಅವನು ಸಾರಿದ: "ಇಟಲಿ ಭಕ್ತರ ದ್ರಾಕ್ಷಿ ರಸಾನ ಮೊದ್ಲು ಅಯ್ಯನೋರಿಗೆ ಕೊಟ್ಟು, ಆಮ್ಯಾಕೆ ಪಂಕ್ತಿಗೆಲ್ಲ ಒಂದೊಂದು ಚಮಚ ಪ್ರಸಾದ. ಜಂಬಣ್ಣನೇ ಹಂಚ್ತಾನೆ."

ಬಿನ್ನಹದ ದಿನ ಬೆಳಿಗ್ಗೆ ಸೀಸೆಯ ಬಿರಡೆ ತೆಗೆಯುವುದು ಹೇಗೆಂದು ತಿಳಿಯದೆ ಜಂಬಣ್ಣ ಬಂಗಲೆಗೆ ಹೋದ. ಗೋವಿಂದಪ್ಪ ಒಂದು ತಿರುಪಿನ ಮೊಳೆ ತಂದುಕೊಟ್ಟು, ಯಾರು ಕುಡಿಯುತ್ತಾರೆಂದು ವಿಚಾರಿಸಿದ. ಅಯ್ಯನವರು ಎಂದು ಕೇಳಿದ್ದೇ ಅವನು ಮೆಟ್ಟಿಲ ಮೇಲೆ ಕುಸಿದು, ನಕ್ಕು ನಕ್ಕು ಕಣ್ಣೊರೆಸಿಕೊಂಡ.

"ಅಯ್ಯೋ ಜಂಬಣ್ಣನೋರೆ! ಅದು ಕೊಳೆಸಿದ ದ್ರಾಕ್ಷಿ ರಸ. ಕುಡಿದ್ರೆ ಅಮಲು ಏರ್ತೈತೆ!"

"ಹೆಂಡಾನಾ?"

"ಹೆಂಡ ಅನ್ನಬ್ಯಾಡ್ರಿ, ಆ ಮನೆತನದೋರು ನೊಂದ್ಕಂತಾರೆ. ಆದ್ರೆ ಕುಡಿದೋರು ಬೀಳೋದು ಒಂದೇ ತರ."

"ಮತ್ತೆ ಬಸವಣ್ಣ? ವಿಭೂತಿ?"

"ಅದು ಅವರ ಮನೆ ಗುರ್ತು ಕಣ್ರಿ, ಗೂಳಿ! ನಮ್ಮ ಗಾಡಿ ಮೇಲೆ ನವಿಲು ಬರೆಸ್ತೀವಲ್ಲ, ಹಂಗೆ." ಗೋವಿಂದಪ್ಪ ತುಸು ತಗ್ಗಿದ ದನಿಯಲ್ಲಿ ಇನ್ನೊಂದು ಮಾತು ಸೇರಿಸಿದ. "ಅದೂ ಅಗ್ಗದ ಮಾಲು. ಮನೆತನ ದೊಡ್ಡದು ಹೌದು. ಆದ್ರೆ ಅವರ ಒಳ್ಳೇ ಸರಕು ಬರೀ ಗಾಜಿನ ಸೀಸೆನಾಗೆ, ಮರದ ಪೆಟ್ಟಿಗೆನಾಗೆ ಬರ್ತೈತೆ. ದೊರೆ ಅದನ್ನ ಹಬ್ಬಕ್ಕೆ ಮಾತ್ರ ತೆಗೀತಿದ್ದ. ಈ ಹುಲ್ಲು ಸುತ್ತಿದ್ದು ದಿನದ ಊಟಕ್ಕೆ. ಅಲ್ಲಿ ಗಾಡಿ ಹೊಡೆಯೋರೂ ಕೊಂಡು ಕುಡೀತಾರಂತೆ."

ಜಂಬಣ್ಣ ಎಂಥ ಮನುಷ್ಯನೆಂದರೆ, ಅಮಲಿನದೆಂದು ತಿಳಿದಾಗ ಅವನ ಎದೆ ಧಸಕ್ಕೆಂದಿತು, ಅಗ್ಗದ್ದೆಂದು ತಿಳಿದಾಗ ಒಡೆಯಿತು. ವಾಪಸು ಬರುವ ದಾರಿಯಲ್ಲಿ ವಿಭೂತಿಯ ಅಜ್ಜಿಯನ್ನು ಕರೆದು ನೋಡಿದ. ಅವಳು ಬರಲಿಲ್ಲ.

ಬಾಯಿಬಿಟ್ಟರೆ ಗಾದಿ ಹೋಗುತ್ತದೆ. ಬಿಡದಿದ್ದರೆ ಎಪ್ಪತ್ತು ದಾಟಿದ ಅಯ್ಯನವರು, ಹೆಂಡದ ಗಾಳಿಗೂ ಮೂಗು ಮುಚ್ಚುವ ಭಕ್ತರ ನಡುವೆ ಕೂತು, ಅವನ ಕೈಯಿಂದಲೇ ಅದನ್ನು ಕುಡಿಯುತ್ತಾರೆ. ಜ್ವರ ಬಂತೆಂದು ಮಲಗಲೇ ಎಂದು ಯೋಚಿಸಿದ. ಅವನು ಮಲಗಬಹುದು, ಸೀಸೆ ಮಲಗುವುದಿಲ್ಲವಲ್ಲ. ಮನೆಗೆ ಬಂದರೆ ವೀರಮ್ಮ, "ಬೆಳಗಿಂದ ಏನೂ ತಿಂದಿಲ್ಲ, ಕುಂತ್ಕಳ್ರಿ, ಒಂದು ರೊಟ್ಟಿ ಕೊಡ್ತೀನಿ," ಎಂದಳು. ಅವನಿಗೆ ಅದು ಕೇಳಿಸಲೇ ಇಲ್ಲ.

ಪಡಸಾಲೆ ತುಂಬಿತ್ತು. ಅಯ್ಯನವರು ಮಣೆಯ ಮೇಲೆ ಕೂತಿದ್ದರು. ಪೂಜೆ ಮುಗಿಯಿತು. ಮುರುಗೇಶಪ್ಪ ಸೀಸೆಯನ್ನು ಹೂವಿನ ತಟ್ಟೆಯಲ್ಲಿಟ್ಟು ತಂದು ಜಂಬಣ್ಣನ ಮುಂದೆ ಇಟ್ಟ. ಜಂಬಣ್ಣ ಗಾದಿಯನ್ನು ನೋಡಿದ. ಈ ದಿನಕ್ಕೆಂದು ಅದನ್ನು ಮಂಡಿಯಿಂದ ತರಿಸಿ ಹೊಸ ಹಚ್ಚಡ ಹೊದಿಸಿದ್ದರು. ಅಯ್ಯನವರನ್ನು ನೋಡಿದ. ಅವರು ಮಗುವಿನಂತೆ ನಗುತ್ತಾ ಬಟ್ಟಲು ಹಿಡಿದಿದ್ದರು.

"ಬುದ್ಧೀ, ಬ್ಯಾಡ್ರಿ! ಇದು ಹೆಂಡ!" ಎಂದು ಜಂಬಣ್ಣ ಕಿರುಚಿದ.

ಪಂಕ್ತಿಯಲ್ಲಿ ಒಬ್ಬರ ಮುಖವನ್ನೊಬ್ಬರು ನೋಡಿದರು. ಮೊದಲು ಎಚ್ಚರಾದವಳು ದುರುಗಕ್ಕ.

"ಹಂಚಾಕೆ ಮನಸಿಲ್ದಿದ್ರೆ ಇಲ್ಲ ಅನ್ನಪ್ಪ. ಅದಕ್ಕೆ ಬಸವಣ್ಣನ ಮ್ಯಾಲೆ ಸುಳ್ಳು ಹೇಳ್ತಾರಾ?"

"ಸುಳ್ಳಲ್ಲಕ್ಕೋ! ಗೋವಿಂದಪ್ಪನೇ ಹೇಳಿದ!"

"ಆಹಾ, ಒಂದು ಚಮಚಕ್ಕೆ ಎಂಥಾ ಜಿಪುಣತನ!" ಎಂದು ಹಿಂದಿನ ಸಾಲಿನಿಂದ ಯಾರೋ ಅಂದರು.

ಜಮಾದಾರ ದೊಡ್ಡಪ್ಪ ಎಲೆಯ ಮುಂದೆಯೇ ಎದ್ದು ನಿಂತ. "ನಾನು ಅಬ್ಕಾರಿ ಇಲಾಖೆ ಮನುಷ್ಯ. ಹೆಂಡ ಆಗಿದ್ರೆ ನಂಗೆ ಗೊತ್ತಾಗ್ತಿರ್ಲಿಲ್ವಾ? ಬೂಟು ಬಿಚ್ಚಿ ಕೈಮುಗಿದೀನಿ ನಾನು! ಇದು ಸರ್ಕಾರಕ್ಕೆ ಅವಮಾನ!"

ಮುರುಗೇಶಪ್ಪನ ಮುಖ ಹಣ್ಣುಮೆಣಸಿನಕಾಯಿಯಾಗಿತ್ತು. "ಗಾದಿ ಮ್ಯಾಲೆ ಕೂರಿಸಿದ್ದಕ್ಕೆ ಈ ಉಡುಗೊರೆನಾ ಜಂಬಣ್ಣ? ನಿನ್ನ ಯೋಗ್ಯತೆಗೆ ಕಂಬನೇ ಸರಿಯಾಗಿತ್ತು!"

ಜಂಬಣ್ಣ ಹಿರಿಯೂರಿಗೆ ಬಂದಾಗಿನಿಂದ ಹೇಳಿದ್ದ ಸಣ್ಣಪುಟ್ಟ ಸುಳ್ಳುಗಳನ್ನೆಲ್ಲ ಊರು ನಂಬಿತ್ತು. ಒಂದೇ ಒಂದು ನಿಜ ಹೇಳಿದ, ಅದಕ್ಕೆ ಈ ಗತಿ ಬಂತು.

"ಇಲ್ಲಿ ಕೊಡು," ಎಂದರು ಅಯ್ಯನವರು.

ಜಂಬಣ್ಣ ತಿರುಪು ತಿರುವಿ ಬಿರಡೆ ಎಳೆದು ಕೊಟ್ಟ. ಅಯ್ಯನವರು ಸೀಸೆಯನ್ನು ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದರು. ಅವರ ಮುಖದ ಮೇಲೆ ಯಾವುದೋ ಹಳೆಯ ಸಂಜೆಯೊಂದು ಮೆಲ್ಲಗೆ ಹಾದುಹೋಯಿತು. ಬಹಳ ಹೊತ್ತು ಅವರು ಕಣ್ಣು ತೆರೆಯಲಿಲ್ಲ. ಒಂದು ಮಗು ಆಕಳಿಸಿತು. ಸಾರಿನ ಹಬೆ ಕಂಬದಿಂದ ಕಂಬಕ್ಕೆ ತೇಲಿ ಹೋಯಿತು.

"ಜಂಬಣ್ಣ ಹೇಳಿದ್ದು ನಿಜ ಐತೆ," ಎಂದರು ಕೊನೆಗೆ. "ಇದರಾಗೆ ಅಮಲು ಐತೆ. ಇದು ನಾವು ಯಾರೂ ಕುಡಿಯೋದಲ್ಲ. ಮಣ್ಣಿಂದ ಬಂದಿದ್ದನ್ನ ಮಣ್ಣಿಗೇ ಹಾಕ್ರಿ. ಹಿತ್ತಲ ತೆಂಗಿನ ಸಸಿ ಬುಡಕ್ಕೆ ಸುರೀರಿ."

ಪಂಕ್ತಿಯಲ್ಲಿ ಗುಜುಗುಜು ಎದ್ದಿತು. ಇದರ ಅರ್ಥವನ್ನು ದುರುಗಕ್ಕ ಎಲ್ಲರಿಗೂ ಬಿಡಿಸಿ ಹೇಳಿದಳು: "ಭಕ್ತಿಯ ಅಮಲು ಕಣ್ರೇ! ನಮ್ಮಂಥ ಪಾಪಿಗಳಿಗೆ ತಡಕಳ್ಳಾಕಾಗಲ್ಲ ಅಂತ ಅಯ್ಯನೋರು ಹೇಳಿದ್ದು." ಎಲ್ಲರೂ ಹೌದು ಹೌದೆಂದು ಕೈಮುಗಿದರು. ಎಲ್ಲರಿಗಿಂತ ಜೋರಾಗಿ ಕೈಮುಗಿದವನು ಜಮಾದಾರ.

ಸೀಸೆಯನ್ನು ಹಿಂದಕ್ಕೆ ಕೊಡುವಾಗ ಅಯ್ಯನವರು ಜಂಬಣ್ಣನ ಕಿವಿಯ ಹತ್ತಿರ ಬಗ್ಗಿ, "ಮಠಕ್ಕೆ ಬರಾಕೆ ಮುಂಚೆ ನಾವು ಬಳ್ಳಾರಿ ದಂಡಿನ ಪೇಟೆನಾಗೆ ಬೆಳೆದೋರಪ್ಪ. ಒಳ್ಳೇದೇ ಐತೆ, ಸುರಿಯೋವಾಗ ನಿಧಾನಕ್ಕೆ ಸುರಿ," ಎಂದರು.

ಊಟ ಮುಗಿದು ಎಲ್ಲರೂ ಪಡಸಾಲೆಗೆ ಬಂದಾಗ ಗಾದಿಯಲ್ಲಿ ಜಂಬಣ್ಣನ ಜಾಗದಲ್ಲಿ ಹೊಳಲ್ಕೆರೆಯ ವ್ಯಾಪಾರಿ ಕೂತಿದ್ದ. ಅಯ್ಯನವರ ಮಾತು ಏನೇ ಇರಲಿ, ತುಂಬಿದ ಪಂಕ್ತಿಯಲ್ಲಿ ಕಿರುಚಿದ ಅಳಿಯನನ್ನು ಯಾವ ಭಾವ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾನೆ? ಜಂಬಣ್ಣ ಸೀಸೆ ಹಿಡಿದು ಹಿತ್ತಲಿಗೆ ನಡೆದ.

ಸೂರ್ಯ ಇಳಿಯುತ್ತಿದ್ದ. ಮೊಣಕಾಲುದ್ದದ ತೆಂಗಿನ ಸಸಿಯ ಬುಡಕ್ಕೆ ಅವನು ನಿಧಾನವಾಗಿ ಸುರಿದ. ಇಳಿಬಿಸಿಲು ತಾಗಿದ ಕೆಂಪು ಧಾರೆ ಹೊಳೆಹೊಳೆದು ಮಣ್ಣಿಗೆ ಇಂಗಿತು. ಯಾವುದೋ ಹಣ್ಣಿನ, ಯಾವುದೋ ಬಿಸಿಲಿನ, ಮಳೆ ಬಿದ್ದ ಮರದ ತೊಗಟೆಯ ವಾಸನೆ ಎದ್ದಿತು. ಚಪ್ಪರದ ಅಜ್ಜಿ ಒಂದು ಕ್ಷಣ ಸಸಿಯ ಆಚೆ ನಿಂತಂತಾಯಿತು. ಈಗ ಅವಳ ಹಣೆಯ ಮೇಲೆ ವಿಭೂತಿ ಇರಲಿಲ್ಲ, ಕೂದಲ ಮೇಲೆ ಬರೀ ಧೂಳಿತ್ತು. ಏನೂ ಕೇಳದೆ ಅವಳು ಹೊರಟುಹೋದಳು. ಜಂಬಣ್ಣನ ಕಣ್ಣು ತುಂಬಿತು.

"ಇಲ್ಯಾಕೆ ನಿಂತೀರಿ?" ಎಂದು ಕೇಳುತ್ತಾ ವೀರಮ್ಮ ಕೈಯಲ್ಲಿ ತಟ್ಟೆ ಹಿಡಿದು ಬಂದಳು. ಪಂಕ್ತಿಯಲ್ಲಿ ಅವನು ಉಂಡಿರಲಿಲ್ಲ ಎಂಬುದು ಆ ಜನಜಂಗುಳಿಯಲ್ಲಿ ಅವಳೊಬ್ಬಳಿಗೆ ಗೊತ್ತಾಗಿತ್ತು.

"ವೀರಾ, ಅದು ಅಗ್ಗದ್ದಂತೆ ಕಣೇ. ಹಬ್ಬದ್ದು ಬ್ಯಾರೆ ಐತಂತೆ. ಇದು ದೊರೆ ದಿನಾ ಊಟಕ್ಕೆ ತಗಳ್ತಿದ್ದದ್ದು. ನನಗೆ ಅದನ್ನ ಕೊಟ್ಟ."

ವೀರಮ್ಮ ಖಾಲಿ ಸೀಸೆಯನ್ನು ತೆಗೆದುಕೊಂಡು ಹುಲ್ಲಿನ ಹೆಣಿಗೆಯ ಮೇಲೆ ಬೆರಳಾಡಿಸಿದಳು.

"ಹಬ್ಬದ್ದನ್ನ ಯಾರಿಗಾದ್ರೂ ಕೊಡ್ತಾರೆ ಬಿಡ್ರಿ, ಹೆಸರು ಬರ್ಲಿ ಅಂತ. ದಿನಾ ತಾನು ಉಣ್ಣೋದ್ರಾಗೆ ಪಾಲು ಕೊಡೋದು ತನ್ನೋರು ಅನ್ನಿಸ್ದೋರಿಗೆ ಮಾತ್ರ. ಬಿಸಿಲಾಗೆ ಬಿದ್ದೋನಿಗೆ ನೀವೇನು ಹೋಳಿಗೆ ಕೊಟ್ರಾ? ಎಳನೀರೇ ಅಲ್ವಾ ಕೊಟ್ಟಿದ್ದು?"

ಜಂಬಣ್ಣ ಮೂಗೊರೆಸಿಕೊಂಡ. "ಅದು ಸರಿ ಕಣೇ. ಆದ್ರೆ ಗಾದಿ ಹೋಯ್ತಲ್ಲ. ಇನ್ನು ಈ ಊರಾಗೆ ನನ್ನ ಕುಂತ್ಕ ಅನ್ನೋರು ಯಾರು?"

ವೀರಮ್ಮ ತಟ್ಟೆಯನ್ನೂ ಸೀಸೆಯನ್ನೂ ಕೆಳಗಿಟ್ಟಳು. ಅವಳ ಮೂಗಿನ ತುದಿ ಕೆಂಪಾಯಿತು. ಅದು ಸಿಟ್ಟೋ ಅಳುವೋ ಜಂಬಣ್ಣನಿಗೆ ತಿಳಿಯಲಿಲ್ಲ.

"ಮದುವೆ ಆದಾಗಿಂದ ದಿನಾ ಮೂರೊತ್ತು ನಾನು ಏನಂತಿದೀನಿ?"

ಜಂಬಣ್ಣ ಯೋಚಿಸಿದ. ಅವನಿಗೆ ಯೋಚಿಸಲು ಯಾವಾಗಲೂ ತುಸು ಹೊತ್ತು ಬೇಕು. ಒಲೆಯ ಮುಂದಿನ ದನಿ, ಬಾಗಿಲ ಹಿಂದಿನ ದನಿ, ಜ್ವರ ಬಂದಾಗಿನ ದನಿ, ಈ ಬೆಳಗಿನ ದನಿ, ಎಲ್ಲ ಒಂದೊಂದಾಗಿ ಬಂದು ಅವನ ಕಿವಿಯಲ್ಲಿ ನಿಂತವು. ಎಲ್ಲವೂ ಒಂದೇ ಮಾತು ಹೇಳುತ್ತಿದ್ದವು. ಅವನ ಬಾಯಿ ತೆರೆದುಕೊಂಡಿತು, ಮುಚ್ಚಲು ಮರೆತ.

ವೀರಮ್ಮ ತೆಂಗಿನ ಸಸಿಯ ಪಕ್ಕದ ಒಗೆಯುವ ಕಲ್ಲನ್ನು ಸೆರಗಿನಿಂದ ಒರೆಸಿದಳು. ತಾನು ಒಂದು ಚೂರು ಸರಿದು, ಅದನ್ನು ತಟ್ಟಿದಳು.

"ಕುಂತ್ಕಳ್ರಿ. ಮುದ್ದೆ ಆರ್ತೈತೆ."

ಜಂಬಣ್ಣ ಕೂತ.